ಮೆಷಿನ್ನು ಒದ್ದ ಮೇಲೆ

ನನ್ನ ಎಡಭುಜದ ಕೆಳಗೆ, ಚರ್ಮದ ಒಳಗೆ ಕೂತಿರೋ ಮೆಷಿನ್ನಿನ ಬಗ್ಗೆ ನನಗಿಂತ ನಮ್ಮ ಬೀದಿಯವರಿಗೇ ಹೆಚ್ಚು ಗೊತ್ತು. ಹಾಲಿನವನ ಲೆಕ್ಕದಲ್ಲಿ ಅದು ಪೇಸ್‌ಮೇಕರ್ರು. ಮೂಲೆಮನೆ ಅಜ್ಜಿಗೆ ಅದು ಹಾರ್ಟಿಗೆ ಕೂರಿಸಿರೋ ಮೋಟರು. ಇಸ್ತ್ರಿಯವನು ಒಂದು ದಿನ ಯಾರಿಗೂ ಕೇಳಿಸದ ಹಾಗೆ ಹತ್ತಿರ ಬಂದು, “ಸಾರ್, ರಾತ್ರಿ ಚಾರ್ಜಿಗೆ ಹಾಕ್ಕೊಂಡು ಮಲಗ್ತೀರಾ?” ಅಂದ. ಪಕ್ಕದ ಮನೆ ಮೇಷ್ಟ್ರು ಹೈಸ್ಕೂಲಿನಲ್ಲಿ ಸೈನ್ಸ್ ಹೇಳಿ ರಿಟೈರ್ ಆದವರು. ಕಾಂಪೌಂಡ್ ಗೋಡೆ ಮೇಲೆ ಮೊಣಕೈ ಊರಿ, ಎಲ್ಲರನ್ನೂ ತಿದ್ದುವ ಕೆಲಸ ತಾವಾಗಿಯೇ ವಹಿಸಿಕೊಂಡಿದ್ದಾರೆ. “ಪೇಸ್‌ಮೇಕರ್ ಅಲ್ರೀ ಅದು, ಐಸಿಡಿ. ಪೇಸ್‌ಮೇಕರ್ ತೂಕಡಿಸೋ ಹಾರ್ಟನ್ನ ಎಬ್ಬಿಸುತ್ತೆ. ಇದು ಅಡ್ಡಾದಿಡ್ಡಿ ಓಡೋ ಹಾರ್ಟನ್ನ ನಿಲ್ಲಿಸಿ ಸಾಲಿಗೆ ತರುತ್ತೆ. ಮೊದಲು ಮೆಲ್ಲಗೆ ತಟ್ಟಿ ನೋಡುತ್ತೆ. ಕೇಳದೇ ಇದ್ದರೆ ಬಾರಿಸುತ್ತೆ. ನಾನು ಕ್ಲಾಸಲ್ಲಿ ಮಾಡ್ತಿದ್ದದ್ದೂ ಅದೇ.”

ಮೇಷ್ಟ್ರ ಹತ್ತಿರ ಕಲಿತ ಹುಡುಗರ ಮೇಲೆ ನನಗೆ ಈಗ ವಿಶೇಷ ಕನಿಕರ.

ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ ಮೇಲೂ ನನ್ನ ಪಂಪಿಂಗ್ ಮೇಲೇಳಲಿಲ್ಲ. ಎಕೋ ಮಾಡಿದವರು 30 ಪರ್ಸೆಂಟು ಅಂದರು. 35ಕ್ಕಿಂತ ಮೇಲೆ ಬರದಿದ್ದರೆ ಹಾರ್ಟು ಇದ್ದಕ್ಕಿದ್ದ ಹಾಗೆ ಲಯ ತಪ್ಪಿ ನಿಂತುಹೋಗೋ ಅಪಾಯ ಇರುತ್ತೆ, ಮೆಷಿನ್ ಇರಲಿ ಅಂದರು. ಹಾಕಿಸಿಕೊಂಡೆ. ತಿಂಗಳುಗಟ್ಟಲೆ ಅದು ಸದ್ದಿಲ್ಲದೆ ಕೂತಿತ್ತು. ಬಾಡಿಗೆ ಕೊಡದ ಬಿಡಾರದವನು ಅಂತ ನಾನೂ ಅದನ್ನ ಮರೆತಿದ್ದೆ.

ನಾನು ಕೆಇಬಿಯವನು. ಆಫೀಸಿನ ಹೆಸರು ಏನೇನೋ ಆಗಿ ಎಷ್ಟೋ ಕಾಲ ಆಯ್ತು, ನಮ್ಮ ಬಾಯಲ್ಲಿ ಇನ್ನೂ ಕೆಇಬಿಯೇ. ಕಂಬ ಹತ್ತಿದವನು, ಕರೆಂಟು ಹೊಡೆಸಿಕೊಂಡವನು. ಹಾಗಾಗಿ ಅವತ್ತು ಬೆಳಿಗ್ಗೆ ಬಚ್ಚಲಲ್ಲಿ ಚೊಂಬೆತ್ತಿ ತಲೆ ಮೇಲೆ ನೀರು ಹುಯ್ದುಕೊಳ್ಳೋ ಹೊತ್ತಿಗೆ ಎದೆ ಒಡೆದುಹೋಗೋ ಹಾಗೆ ಬಡಿದಾಗ ನನ್ನ ಬಾಯಿಂದ ದೇವರ ಹೆಸರು ಬರಲಿಲ್ಲ, “ಮೇನ್ ಆಫ್ ಮಾಡೇ!” ಅಂತ ಬಂತು. ಗೀಜರ್ ಲೀಕೇಜು ಅಂದುಕೊಂಡೆ. ನಮ್ಮವಳು ಓಡಿಹೋಗಿ ಮೇನ್ ಆಫ್ ಮಾಡಿದಳು. ಫ್ಯಾನು, ಫ್ರಿಜ್ಜು, ಟೀವಿ ಎಲ್ಲ ನಿಂತವು. ಹೊಡೆದ ಕರೆಂಟು ಮಾತ್ರ ನನ್ನ ಒಳಗೇ ಇತ್ತು.

ಮೇಷ್ಟ್ರು ಆಮೇಲೆ ಗೋಡೆ ಮೇಲೆ ಬೆರಳಲ್ಲೇ ಲೆಕ್ಕ ಬರೆದು ತೋರಿಸಿದರು. “ಹೆಚ್ಚು ಅಂದ್ರೆ 35-40 ಜೂಲ್. 40 ವಾಟಿನ ಬಲ್ಬು ಒಂದು ಸೆಕೆಂಡು ಉರಿದರೆ ಖರ್ಚಾಗೋದು ಅಷ್ಟೇ ರೀ.” ಲೆಕ್ಕ ಸರಿಯಾಗೇ ಇದೆ. ಆದರೆ ಬಲ್ಬು ಅಷ್ಟನ್ನ ಒಂದು ಸೆಕೆಂಡು ಪೂರ್ತಿ ಹಂಚಿಕೊಂಡು ಉರಿಯುತ್ತೆ. ಇದು 700-800 ವೋಲ್ಟಿನಲ್ಲಿ, ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಅಷ್ಟನ್ನೂ ಎದೆಗೆ ಸುರಿದು ಮುಗಿಸುತ್ತೆ. ಆ ವ್ಯತ್ಯಾಸ ಮೇಷ್ಟ್ರ ಗಣಿತಕ್ಕೆ ಗೊತ್ತು, ಎದೆಗೆ ಗೊತ್ತಿಲ್ಲ. ಹೊರದೇಶದ ರೋಗಿಗಳೆಲ್ಲ ‘ಎದೆಗೆ ಕುದುರೆ ಒದ್ದ ಹಾಗಿತ್ತು’ ಅಂತಾರಂತೆ. ಟಾಂಗಾ ಕುದುರೆಗಳ ನಡುವೆ ಮೈಸೂರಿನಲ್ಲಿ ಬೆಳೆದರೂ ನಾನು ಒಂದರ ಕೈಲೂ ಒದೆಸಿಕೊಂಡಿಲ್ಲ, ಆ ಮಾತು ಸರಿಯೋ ತಪ್ಪೋ ಹೇಗೆ ಹೇಳಲಿ?

ಅದೇ ದಿನ ಆಸ್ಪತ್ರೆಯಲ್ಲಿ ಕಂಪನಿ ಹುಡುಗ ಬಂದ. ಮೆಷಿನ್ನಿನ ಜೊತೆ ಮಾತಾಡೋದು ಡಾಕ್ಟರಿಗಿಂತ ಹೆಚ್ಚಾಗಿ ಇವನೇ. ಭುಜದ ಮೇಲೆ ಮೌಸಿನಂಥದ್ದೊಂದನ್ನ ಇಟ್ಟು, ತನ್ನ ಪೆಟ್ಟಿಗೆಯಿಂದ ಉದ್ದದ ಕಾಗದ ಎಳೆದ. ಗಂಟೆ, ನಿಮಿಷ, ಸೆಕೆಂಡಿನ ಸಮೇತ ಎಲ್ಲ ಇತ್ತು. ಹಾರ್ಟು ನಿಮಿಷಕ್ಕೆ 214 ಓಡಿದೆ, ಮೆಷಿನ್ನು ಮೊದಲು ನೋವಾಗದ ಹಾಗೆ ಪೇಸ್ ಮಾಡಿ ತಡೆಯೋಕೆ ನೋಡಿದೆ, ಆಗಿಲ್ಲ, ಚಾರ್ಜ್ ಮಾಡಿಕೊಂಡಿದೆ, ಹೊಡೆದಿದೆ, ಮರುಕ್ಷಣ ಹಾರ್ಟು ಸರಿದಾರಿಗೆ ಬಂದಿದೆ. “ಪರ್ಫೆಕ್ಟ್ ಶಾಕ್ ಸಾರ್” ಅಂದ ಹುಡುಗ, ತಾನೇ ಹೊಡೆದಷ್ಟು ಹೆಮ್ಮೆಯಿಂದ. ಗೀಜರ್ ನಿರಪರಾಧಿ ಅನ್ನೋದಕ್ಕೆ ಲಿಖಿತ ಸಾಕ್ಷಿ ನನ್ನ ಕೈಯಲ್ಲಿತ್ತು. ಆ ಕಾಗದ ಮಡಚಿ ಜೇಬಲ್ಲಿಟ್ಟುಕೊಂಡು ಮನೆಗೆ ಬಂದವನು ಗೀಜರ್ ಕಿತ್ತಿಸಿ ಸೋಲಾರ್ ಹಾಕಿಸಿದೆ.

ಆಮೇಲೆ ಸೋಲಾರ್ ನೀರನ್ನ ಕಂಡರೂ ಭಯ ಶುರುವಾಯ್ತು.

ಬಂದವರೆಲ್ಲ ಹೇಳೋದು ಒಂದೇ ಮಾತು: “ಬದುಕಿಸ್ತಲ್ಲ, ಅದಕ್ಕೆ ಖುಷಿಪಡಿ.” ಆ ಮಾತಿನಷ್ಟು ನನ್ನನ್ನ ಒಂಟಿ ಮಾಡಿದ್ದು ಬೇರೆ ಇಲ್ಲ. ಬದುಕಿಸಿದ್ದು ನಿಜ, ಇಲ್ಲ ಅಂದವರಾರು? ಆದರೆ ಹಾಗಂದ ತಕ್ಷಣ ನನ್ನ ಬಾಯಿ ಕಟ್ಟುತ್ತೆ. ಹೆದರಿಕೆ ಅಂತ ಬಾಯಿಬಿಟ್ಟರೆ ಕೃತಘ್ನ ಆಗ್ತೀನಿ. ಲಕ್ಷಗಟ್ಟಲೆ ಕೊಟ್ಟು ಹಾಕಿಸಿದ ಮಗನ ಮುಂದೆ, ಹರಕೆ ಹೊತ್ತ ಹೆಂಡತಿಯ ಮುಂದೆ, ‘ಈ ದರಿದ್ರದ್ದನ್ನ ಕಿತ್ತೆಸೆಯೋಣ ಅನ್ನಿಸುತ್ತೆ’ ಅಂತ ಹೇಗೆ ಹೇಳೋದು? ಪ್ರಾಣ ಉಳಿಸಿದವನ ಮೇಲೆ ಸಿಟ್ಟು ಬರಬಾರದು ಅನ್ನೋ ಕಾನೂನು ಎಲ್ಲಿದೆಯೋ ಗೊತ್ತಿಲ್ಲ, ಎಲ್ಲರೂ ಅದನ್ನ ಪಾಲಿಸ್ತಾರೆ.

ಹೊಡೆತ ಮುಗಿಯೋಕೆ ಕ್ಷಣ ಸಾಕಾಯ್ತು, ಮುಂದಿನ ಹೊಡೆತಕ್ಕೆ ಕಾಯೋದೇ ಮುಗಿಯಲಿಲ್ಲ. ಬಚ್ಚಲಿನ ಚಿಲಕ ತೆಗೆಸಿದ್ದಾಯ್ತು. ನಾನು ಒಳಗೆ ಹೋದರೆ ನಮ್ಮವಳು ಬಾಗಿಲ ಹೊರಗೆ ಸ್ಟೂಲ್ ಹಾಕ್ಕೊಂಡು ಕೂತು ನಿಮಿಷಕ್ಕೊಂದು ಸಲ “ರೀ?” ಅಂತಿದ್ದಳು, ನಾನು “ಹ್ಞೂಂ” ಅನ್ನಬೇಕು. “ನೀವು ಸ್ನಾನ ಮುಗಿಸಿದ್ದು ಇಡೀ ಬೀದಿಗೆ ಗೊತ್ತಾಗ್ತಿದೆ” ಅಂತ ಮೇಷ್ಟ್ರು ಗೋಡೆಯಾಚೆಯಿಂದ ದೂರು ಕೊಟ್ಟರು. ಮಹಡಿ ಮೆಟ್ಟಿಲು ಬಿಟ್ಟೆ. ಎದೆಬಡಿತ ಏರಿದರೆ ಮೆಷಿನ್ನಿಗೆ ತಪ್ಪು ತಿಳಿದೀತು ಅಂತ ಸಂಜೆ ವಾಕಿಂಗ್ ಬಿಟ್ಟೆ. ಕ್ರಿಕೆಟ್ಟಿನ ಕೊನೇ ಓವರುಗಳನ್ನ ಬಿಟ್ಟು ಮಾರನೇ ದಿನ ಪೇಪರಲ್ಲಿ ಓದಿದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ಎಣಿಸೋದು ಚಟ ಆಯ್ತು, ಎಣಿಸಿದಷ್ಟೂ ಅದು ಏರುತ್ತಿತ್ತು. ಸೊಸೆ ಇಂಡಕ್ಷನ್ ಒಲೆಯನ್ನ ಅಟ್ಟ ಹತ್ತಿಸಿದಳು. ಎರಡು ಅಡಿ ದೂರ ನಿಂತರೆ ಸಾಕು ಅಂತ ಡಾಕ್ಟರು ಹೇಳಿದ್ದರು, ನಮ್ಮ ಮನೆಯಲ್ಲಿ ದೂರ ಅಂದರೆ ಅಟ್ಟ.

ಎಲ್ಲಕ್ಕಿಂತ ಕೆಟ್ಟದ್ದು, ಮೊಮ್ಮಗಳನ್ನ ಎತ್ತಿಕೊಳ್ಳೋದು ಬಿಟ್ಟೆ. ಎತ್ತಿಕೊಂಡಾಗಲೇ ಹೊಡೆದು ಕರೆಂಟು ಮಗುವಿಗೆ ಹರಿದರೆ? ಕಂಬದ ಮೇಲೆ ಒಬ್ಬನನ್ನ ಮುಟ್ಟಿ ಇನ್ನೊಬ್ಬ ಹೋದ ಕಥೆಗಳನ್ನ ಕೇಳುತ್ತ ನೌಕರಿ ಮಾಡಿದವನು ನಾನು. ಯಾರನ್ನೂ ಕೇಳಲಿಲ್ಲ, ಕೇಳಿದರೆ ಹೌದು ಅಂದಾರು ಅಂತ. ಮಗು ಕೈ ಚಾಚಿದರೆ ಬೆನ್ನುನೋವು ಅಂತಿದ್ದೆ.

ಮೇಷ್ಟ್ರಿಗೆ ನನ್ನ ಬೆನ್ನುನೋವಿನ ಮೇಲೆ ಅನುಮಾನ. ಒಂದು ಸಂಜೆ ಕಾಫಿ ಲೋಟದ ಜೊತೆ ಗೋಡೆ ಹತ್ತಿರ ಬಂದವರು ನಾಯಿ ಕಥೆ ತೆಗೆದರು.

ಈ ಮೆಷಿನ್ನನ್ನ ಕಂಡುಹಿಡಿದವರಲ್ಲಿ ಮುಖ್ಯ ಮಿಶೆಲ್ ಮಿರೋವ್ಸ್ಕಿ ಅಂತ ಡಾಕ್ಟರು. 1924ರಲ್ಲಿ ವಾರ್ಸಾದಲ್ಲಿ ಹುಟ್ಟಿದ ಯಹೂದಿ. 1939ರಲ್ಲಿ ಜರ್ಮನಿಯವರು ನುಗ್ಗಿದಾಗ ಹುಡುಗ ಊರು ಬಿಟ್ಟ, ಮನೆಮಂದಿಯಲ್ಲಿ ಉಳಿದವನು ಅವನೊಬ್ಬನೇ. ಮುಂದೆ ಇಸ್ರೇಲಿನಲ್ಲಿ ಹೃದಯದ ಡಾಕ್ಟರಾದಾಗ ಗುರುವಾಗಿದ್ದ ಹ್ಯಾರಿ ಹೆಲ್ಲರ್ ಅನ್ನೋರಿಗೆ ಹಾರ್ಟು ಮತ್ತೆ ಮತ್ತೆ ಲಯ ತಪ್ಪುತ್ತಿತ್ತು, 1966ರಲ್ಲಿ ತೀರಿಕೊಂಡರು. ಇಡೀ ಹೊತ್ತು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳೋಕಾಗಲ್ಲ, ಹಾಗಾದರೆ ಆಸ್ಪತ್ರೆಯ ಶಾಕ್ ಪೆಟ್ಟಿಗೆಯನ್ನೇ ಎದೆಯೊಳಗೆ ಇಡಬಾರದೇಕೆ ಅಂತ ಈತನ ತಲೆಗೆ ಹತ್ತಿತು. 1968ರಲ್ಲಿ ಅಮೆರಿಕದ ಬಾಲ್ಟಿಮೋರಿಗೆ ಹೋಗಿ ಮಾರ್ಟನ್ ಮೋವರ್ ಅನ್ನೋ ಇನ್ನೊಬ್ಬ ಡಾಕ್ಟರ ಜೊತೆ ಸೇರಿ ಕೂತರು. ಬರ್ನಾರ್ಡ್ ಲೌನ್ ಥರದ ದೊಡ್ಡವರೇ 1972ರಲ್ಲಿ ಇದು ಕೆಲಸಕ್ಕೆ ಬಾರದ ಯೋಚನೆ ಅಂತ ಬರೆದರು. ಆ ಲೌನ್ ಯಾರು? ಎದೆ ಮೇಲಿಂದ ಕೊಡೋ ಈಗಿನ ಮಾದರಿಯ ಶಾಕನ್ನ ಬಳಕೆಗೆ ತಂದ ಡಾಕ್ಟರೇ!

“ಆಮೇಲೆ ಇವರು ಒಂದು ನಾಯಿಗೆ ಮೆಷಿನ್ ಕೂರಿಸಿ ಫಿಲಂ ತೆಗೆದರು ರೀ” ಅಂದರು ಮೇಷ್ಟ್ರು. “ಬೇಕಂತಲೇ ಅದರ ಹಾರ್ಟಿನ ಲಯ ಕೆಡಿಸ್ತಾರೆ. ನಾಯಿ ದೊಪ್ಪಂತ ಬೀಳುತ್ತೆ. ಒಳಗಿನ ಮೆಷಿನ್ ಹೊಡೆಯುತ್ತೆ. ನಾಯಿ ಎದ್ದು ಬಾಲ ಅಲ್ಲಾಡಿಸುತ್ತೆ! ನೋಡಿದವರಲ್ಲಿ ಒಬ್ಬ ಏನಂದ ಗೊತ್ತಾ? ನಾಯಿಗೆ ಬೀಳೋದು ಏಳೋದು ತರಬೇತಿ ಕೊಟ್ಟಿದ್ದೀರಿ ಅಂದ. ಪಾಪ, ಆಮೇಲೆ ಇಸಿಜಿನೂ ಜೊತೆಗೇ ಓಡಿಸಿ ತೋರಿಸಬೇಕಾಯ್ತು.” 1980ರ ಫೆಬ್ರವರಿ 4ರಂದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಸಲ ಮನುಷ್ಯರಿಗೆ, ಒಬ್ಬ ಹೆಂಗಸಿಗೆ, ಹಾಕಿದರಂತೆ. ಆಗ ಅದು ಕಾಲು ಕಿಲೋ ತೂಗುತ್ತಿತ್ತು, ಎದೆ ತೆರೆದು ತಂತಿ ಹಾಕಿ ಹೊಟ್ಟೆಯಲ್ಲಿ ಇಡುತ್ತಿದ್ದರು.

ನನಗೆ ಕಾಲು ಕಿಲೋ ಹಿಡಿಸಲಿಲ್ಲ, ನಾಯಿ ಹಿಡಿಸಿತು. ಎದ್ದ ತಕ್ಷಣ ಬಾಲ ಅಲ್ಲಾಡಿಸಿತಲ್ಲ! ಅದು ನಾಳೆ ಯಾವ ಜಾಗದಲ್ಲಿ ಬೀಳ್ತೀನೋ ಅಂತ ಯೋಚಿಸಲಿಲ್ಲ, ನಾಡಿ ಹಿಡಿದು ನೋಡಿಕೊಳ್ಳಲಿಲ್ಲ. ಮೆಷಿನ್ನನ್ನ ನಾಯಿಯಲ್ಲಿ ಪರೀಕ್ಷೆ ಮಾಡಿದವರಿಗೆ ಮನುಷ್ಯ ಎದ್ದು ಏನು ಮಾಡ್ತಾನೆ ಅನ್ನೋದು ಆ ಫಿಲಮ್ಮಿನಲ್ಲಿ ಸಿಗೋ ಹಾಗಿರಲಿಲ್ಲ.

“ಇನ್ನೊಂದು ನಾಯಿ ಇದೆ, ಪಾವ್ಲೋವ್‌ದು” ಅಂದರು ಮೇಷ್ಟ್ರು. ಅದನ್ನ ನಾನೂ ಕೇಳಿದ್ದೆ, ಗಂಟೆ ಸದ್ದಿಗೇ ಜೊಲ್ಲು ಸುರಿಸಿದ ನಾಯಿ. “ನಿಮಗೆ ಚೊಂಬೇ ಗಂಟೆ ಆಗಿದೆ ರೀ. ನೀವು ಬಚ್ಚಲಿಂದ ಓಡಿ ಬಂದಾಗಲೆಲ್ಲ ಒಳಗಿನ ನಾಯಿಗೆ ಒಂದು ಬಿಸ್ಕತ್ತು ಹಾಕಿದ ಹಾಗೆ. ‘ಓಡಿ ಬಂದಿದ್ದಕ್ಕೇ ಬಚಾವಾದೆ’ ಅಂತ ಅದು ಕಲಿಯುತ್ತೆ.” ಬೈದು ಕಳಿಸೋಣ ಅನ್ನಿಸಿತು. ಆದರೆ ಆ ಮಾತು ರಾತ್ರಿಯೆಲ್ಲ ತಲೆಯಲ್ಲೇ ಇತ್ತು.

ತಲೆಯಲ್ಲಿ ಇದ್ದರೆ ಆಯ್ತೇ? ಸ್ವಲ್ಪ ದಿನಕ್ಕೆ ನಡುರಾತ್ರಿ ಮತ್ತೆ ಹೊಡೆಯಿತು. ಮಲಗಿದ್ದವನು ಕಿರುಚಿ ಎದ್ದು ಕೂತೆ. ಬೆವರು. ಮಗ ಕಾರು ತೆಗೆದ. ಬೆಳಿಗ್ಗೆ ಕಂಪನಿ ಹುಡುಗ ಬಂದು ನೋಡಿದರೆ ಕಾಗದದಲ್ಲಿ ಏನೂ ಇಲ್ಲ. ಹಾರ್ಟು ನೆಟ್ಟಗಿತ್ತು, ಮೆಷಿನ್ನು ಮಿಸುಕಿಯೂ ಇರಲಿಲ್ಲ. ಹೊಡೆದದ್ದು ನಿದ್ದೆಯೊಳಗಿನ ನೆನಪು. ಮುಖ ಎಲ್ಲಿಡಲಿ ಅನ್ನಿಸಿತು ನನಗೆ. ಹುಡುಗ ಮಾತ್ರ ಸಹಜವಾಗಿ, “ಫ್ಯಾಂಟಮ್ ಶಾಕ್ ಸಾರ್. ಬಹಳ ಜನಕ್ಕೆ ಆಗುತ್ತೆ, ನೀವು ಸುಳ್ಳು ಹೇಳ್ತಿಲ್ಲ, ಮೆಷಿನ್ನೂ ಸುಳ್ಳು ಹೇಳ್ತಿಲ್ಲ” ಅಂದ. ಎಷ್ಟು ಒಳ್ಳೇ ಮಾತು! ಮೂಲೆಮನೆ ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ, ಮಂತ್ರಿಸಿದ ನಿಂಬೆಹಣ್ಣು ತಂದು ದಿಂಬಿನ ಕೆಳಗಿಟ್ಟರು. ಅದೂ ಇರಲಿ ಅಂತ ಬಿಟ್ಟೆ.

ಡಾಕ್ಟರು ಅವತ್ತು ಎರಡು ಕೆಲಸ ಮಾಡಿದರು. ಒಂದು, ಮಾತ್ರೆ ಸರಿಮಾಡಿ ಮೆಷಿನ್ನಿನ ಆತುರ ಕಮ್ಮಿ ಮಾಡಿಸಿದರು. ಹಾರ್ಟು ಸ್ವಲ್ಪ ಓಡಿತು ಅಂತ ತಕ್ಷಣ ಹೊಡೆಯದೆ ಇನ್ನೂ ಸ್ವಲ್ಪ ಕಾಯೋದು, 200 ದಾಟಿದ ಮೇಲಷ್ಟೇ ತಲೆ ಹಾಕೋದು, ಹೀಗೆ. 2012ರಲ್ಲಿ ಪ್ರಕಟವಾದ ಮ್ಯಾಡಿಟ್-ರಿಟ್ ಅನ್ನೋ ಅಧ್ಯಯನದಲ್ಲಿ ಹೀಗೆ ಕಾಯೋ ಮೆಷಿನ್ನುಗಳು ಬೇಡದ ಚಿಕಿತ್ಸೆಯನ್ನ ಬಹಳ ಕಮ್ಮಿ ಮಾಡಿದ್ದೇ ಅಲ್ಲದೆ, ಸಾವೂ ಕಮ್ಮಿಯಾಗಿತ್ತಂತೆ. ಎರಡನೆಯದು, ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು.

ನಮ್ಮ ಕಡೆ ಅದಕ್ಕೆ ಇನ್ನೂ ಮುಖ ಸಿಂಡರಿಸ್ತಾರೆ. ನಿಮ್ಹಾನ್ಸ್ ಅಂದರೆ ಒಂದೇ ಅರ್ಥ ತಿಳಿದ ತಲೆಮಾರು ನಮ್ಮದು. ಕಾಲ ಬದಲಾಗಿದೆ. ಅದೇ ನಿಮ್ಹಾನ್ಸ್ ಮುಂದೆ ನಿಂತು ನಡೆಸೋ ಟೆಲಿ ಮಾನಸ್ ಅಂತ 2022ರಿಂದ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ನಾನು ನೋಡಿದಾಕೆ ಸಣ್ಣ ವಯಸ್ಸಿನ ಹುಡುಗಿ. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಸಿಯರ್ಸ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ ಐಸಿಡಿಯವರ ಭಯದ ಮೇಲೇ ಜೀವಮಾನದ ಕೆಲಸ ಮಾಡಿದ್ದಾನೆ ಅಂತ ಆಕೆಯಿಂದ ಗೊತ್ತಾಯ್ತು. ನನ್ನಂಥವರು ಒಬ್ಬಿಬ್ಬರಲ್ಲ ಅಂತಾಯ್ತಲ್ಲ! ಆಕೆ ಮೊದಲು ಒಂದು ಚೀಟಿ ಬರೆಸಿದಳು. ಒಂದೇ ಶಾಕ್, ಆಮೇಲೆ ಮೈ ಸರಿಯಿದೆ ಅಂದರೆ ಗಾಬರಿ ಬೇಡ, ಅದೇ ದಿನ ಡಾಕ್ಟರಿಗೆ ಫೋನ್ ಮಾಡೋದು. ಶಾಕ್ ಆದಮೇಲೆ ಎದೆನೋವು, ಉಸಿರುಕಟ್ಟು, ತಲೆಸುತ್ತು ಇದ್ದರೆ, ಅಥವಾ ಒಂದೇ ದಿನದಲ್ಲಿ ಎರಡು ಬಂದರೆ 108. ಆ ಚೀಟಿ ಫ್ರಿಜ್ಜಿನ ಮೇಲೆ ಅಂಟಿತು. ಹೆಚ್ಚು ಉಪಯೋಗವಾದದ್ದು ನಮ್ಮವಳಿಗೆ. ಅಲ್ಲಿತನಕ ಆಕೆಗೆ ಇದ್ದ ಯೋಜನೆ ಮೇನ್ ಆಫ್ ಮಾಡೋದೊಂದೇ.

ನಮ್ಮವಳ ವಿಷಯ ಯಾರೂ ಕೇಳಿರಲಿಲ್ಲ, ನಾನೂ ಸೇರಿ. ಆ ಹುಡುಗಿ ಕೇಳಿದಳು: “ಅಮ್ಮ, ನೀವು ನಿದ್ದೆ ಮಾಡ್ತಿದ್ದೀರಾ?” ನಮ್ಮವಳು ಗೊಳೋ ಅಂತ ಅತ್ತಳು. ರಾತ್ರಿ ನಾನು ನಿದ್ದೆ ಹೋದ ಮೇಲೆ ಮೂಗಿನ ಹತ್ತಿರ ಕೈ ಹಿಡಿದು ನೋಡ್ತಾಳಂತೆ. ಹೊಡೆತ ತಿಂದದ್ದು ನಾನು, ನನ್ನ ಕೂಗು ಕೇಳಿದ್ದು ಅವಳು. ಮನೆಯವರ ಆತಂಕ ರೋಗಿಯದಕ್ಕೆ ಸಮವಾಗಿರುತ್ತೆ, ಎಷ್ಟೋ ಸಲ ಮೀರಿರುತ್ತೆ ಅಂತ ಈ ಕೆಲಸದಲ್ಲಿರೋರಿಗೆ ಗೊತ್ತು. ಬಂದು ಹೋಗೋ ನೆಂಟರಿಗೆ ಗೊತ್ತಿಲ್ಲ, ಅವರು ಹಾರ್ಲಿಕ್ಸ್ ತರೋದು ನನಗೆ.

ಆಮೇಲೆ ಆ ಹುಡುಗಿ ನಾನು ಬಿಟ್ಟಿದ್ದೆಲ್ಲದರ ಪಟ್ಟಿ ಮಾಡಿಸಿದಳು, ಹಗುರದ್ದು ಮೊದಲು, ಗಟ್ಟಿಯದ್ದು ಕೊನೆಗೆ. ಕ್ರಿಕೆಟ್ ಸುಲಭ ಅಂದುಕೊಂಡಿದ್ದೆ, ಕೊನೇ ಓವರಿನಲ್ಲಿ ಎರಡು ಸಲ ಎದ್ದು ಹೋದೆ. ಮೆಟ್ಟಿಲು, ಗೇಟಿನವರೆಗೆ ವಾಕಿಂಗು, ಪಾರ್ಕಿನವರೆಗೆ ವಾಕಿಂಗು. ಬಚ್ಚಲ ಹೊರಗಿನ ಸ್ಟೂಲು ದಿನಕ್ಕಿಷ್ಟು ಅಂತ ಹಿಂದೆ ಸರಿದು ಊಟದ ಕೋಣೆ ಮುಟ್ಟಿತು. ‘ರೀ?’ ನಿಂತಿತು. ಮಗುವಿನ ವಿಷಯ ಕೊನೆಗೂ ಬಾಯಿಬಿಟ್ಟಾಗ ಡಾಕ್ಟರು ನಕ್ಕುಬಿಟ್ಟರು. ಶಾಕ್ ಆಗೋ ಹೊತ್ತಿಗೆ ಮುಟ್ಟಿದವರಿಗೆ ಹೆಚ್ಚೆಂದರೆ ಸಣ್ಣಗೆ ಜುಂ ಅನ್ನಬಹುದು, ಅಪಾಯ ಇಲ್ಲವಂತೆ. ಕರೆಂಟು ಮೆಷಿನ್ನು ಮತ್ತು ಹಾರ್ಟಿನೊಳಗಿನ ತಂತಿಯ ನಡುವೆ ಓಡಾಡುತ್ತೆ, ಹೊರಕ್ಕೆ ಬರೋದು ಚೂರುಪಾರು. ಕೆಇಬಿಯವನಿಗೆ ಸರ್ಕ್ಯೂಟ್ ಪಾಠ! ಎಲ್ಲಕ್ಕಿಂತ ಮೊದಲು ಆ ಒಂದು ಪ್ರಶ್ನೆ ಕೇಳಬೇಕಿತ್ತು ಅನ್ನೋದನ್ನ ನಮ್ಮವಳು ಈಗಲೂ ದಿನಕ್ಕೊಮ್ಮೆ ನೆನಪಿಸ್ತಾಳೆ. ಈಗ ಮಗು ನನ್ನ ಹೆಗಲಿಂದ ಇಳಿಯೋದಿಲ್ಲ, ಬೆನ್ನುನೋವು ನಿಜವಾಗಿ ಬಂದಿದೆ.

ಮೇಷ್ಟ್ರ ಮಗನಿಗೆ ಫುಟ್‌ಬಾಲ್ ಹುಚ್ಚು. ಆತ ಡೆನ್ಮಾರ್ಕಿನ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಕಥೆ ಹೇಳಿದ. 2021ರ ಜೂನ್ 12ರಂದು ಕೋಪನ್‌ಹೇಗನ್ನಿನಲ್ಲಿ ಯೂರೋ ಟೂರ್ನಿಯಲ್ಲಿ ಫಿನ್ಲೆಂಡ್ ಎದುರು ಆಡ್ತಾ ಆಡ್ತಾ ಮೈದಾನದಲ್ಲೇ ಬಿದ್ದವನು, ಹಾರ್ಟ್ ನಿಂತಿತ್ತು. ಬದುಕಿಸಿ ಐಸಿಡಿ ಹಾಕಿದರು. ಅವನು ಕ್ಲಬ್ಬಿಗೆ ಆಡುತ್ತಿದ್ದ ಇಟಲಿಯ ನಿಯಮದಲ್ಲಿ ಮೆಷಿನ್ ಇದ್ದವನು ಆಡೋ ಹಾಗಿಲ್ಲ, ಇಂಗ್ಲೆಂಡಿಗೆ ಹೋಗಿ ಆಡಿದ. 2024ರ ಜೂನಿನಲ್ಲಿ ಅದೇ ಯೂರೋ ಟೂರ್ನಿಯಲ್ಲಿ ಸ್ಲೊವೇನಿಯಾ ಮೇಲೆ ಗೋಲು ಹೊಡೆದ. ಕೇಳೋಕೆ ಚೆನ್ನಾಗಿತ್ತು, ಆದರೆ ಮನೆಯವರ ಕೈಗೆ ಅದೇ ಬೆತ್ತ ಸಿಕ್ಕಿತು: “ಆತ ಗೋಲು ಹೊಡೀತಾನೆ, ನೀವು ತರಕಾರಿ ತರೋಕೆ ಆಗಲ್ವಾ?” ವೀರರ ಕಥೆ ರೋಗಿಗೆ ಹೇಳುವಾಗ ಸ್ವಲ್ಪ ನೋಡಿಕೊಂಡು ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ. ನನಗೆ ನಿಜಕ್ಕೂ ಜೀವ ಬಂದದ್ದು ಚೆಕಪ್ಪಿನ ಬೆಂಚಿನ ಮೇಲೆ. ಪಕ್ಕದಲ್ಲಿ ಕೂತಿದ್ದವರು ನಂಜನಗೂಡು ಕಡೆಯ ರೈತರು, ನನಗಿಂತ ಹಳೇ ಗಿರಾಕಿ, ಗದ್ದೆಯಲ್ಲಿ ಸಾಲಾಗಿ ಹೊಡೆಸಿಕೊಂಡವರು. ಸಿಟ್ಟು ಬರಲ್ವಾ ಅಂತ ಮೆಲ್ಲಗೆ ಕೇಳಿದೆ. “ಬರ್ದೇ ಇರ್ತದಾ ಸ್ವಾಮಿ? ದಿನಾ ಬೋಯ್ತೀನಿ. ಬೋಯ್ಕೊಂಡ್ರೆ ಅದೇನೂ ಬೇಜಾರ್ ಮಾಡ್ಕೊಳಲ್ಲ” ಅಂದರು. ಕೃತಜ್ಞತೆಯ ಹೊರೆ ಅವತ್ತು ಇಳಿಯಿತು. ನಾನೂ ಈಗ ಬೆಳಿಗ್ಗೆ ಚೊಂಬು ಎತ್ತೋ ಮುಂಚೆ ಒಂದು ಬೈಗುಳ ಬೈದೇ ಎತ್ತೋದು.

ನಿನ್ನೆ ಸಂಜೆ ಮೇಷ್ಟ್ರು ಬ್ಯಾಟರಿ ಲೆಕ್ಕ ತೆಗೆದಿದ್ದರು. ಏಳೆಂಟು ವರ್ಷಕ್ಕೋ ಹತ್ತಕ್ಕೋ ಮುಗಿಯುತ್ತೆ, ಆಗ ಡಬ್ಬಿ ಬದಲಾಯಿಸಬೇಕು. “ಬದಲಾಯಿಸ್ಕೋತೀರಾ?”

“ಆ ಹೊತ್ತಿಗೆ ಡಾಕ್ಟರ ಜೊತೆ ಕೂತು ಮಾತಾಡ್ತೀನಿ ಮೇಷ್ಟ್ರೇ. ಕೊನೆಗಾಲ ಬಂತು ಅಂದ್ರೆ ಹೊಡೆಯೋ ಕೆಲಸ ಒಂದನ್ನ ಹೊರಗಿಂದಲೇ ಆಫ್ ಮಾಡ್ತಾರೆ, ಕೊಯ್ಯೋದೇನೂ ಬೇಡ. ಮಗನಿಗೆ ಹೇಳಿಟ್ಟಿದ್ದೀನಿ.”

“ಇನ್ನೊಂದೂ ಹೇಳಿಡಿ” ಅಂದರು ಮೇಷ್ಟ್ರು. “ಸುಡೋ ಮುಂಚೆ ಅದನ್ನ ತೆಗೆಸಬೇಕು. ಇಲ್ಲದಿದ್ದರೆ ಬ್ಯಾಟರಿ ಸಿಡಿಯುತ್ತೆ.”

“ಗೊತ್ತು. ಕಂಪನಿ ಹುಡುಗ ಹೇಳಿದ್ದಾನೆ.”

“ನಮ್ಮ ಪುರೋಹಿತರಿಗೆ ಹೇಳಿದ್ದೀರಾ? ಅವರಿಗೆ ಮೊದಲೇ ಪಟಾಕಿ ಅಂದ್ರೆ ಆಗಲ್ಲ.”

ನಮ್ಮವಳು ಒಳಗಿಂದ, “ಮೂರುಸಂಜೆ ಹೊತ್ತಲ್ಲಿ ಇದೆಂಥಾ ಮಾತು, ಬಿಡ್ತು ಅನ್ನಿ!” ಅಂತ ಕೂಗಿದಳು. ಇಬ್ಬರೂ ಬಿಡ್ತು ಅಂದೆವು. “ಅದೆಲ್ಲ ಇರಲಿ ಮೇಷ್ಟ್ರೇ, ನಿಮ್ಮ ನುಗ್ಗೆಮರದ ಕೊಂಬೆ ಯಾವಾಗ ಕಡಿಸ್ತೀರಿ? ಕಂಬಳಿಹುಳ ಎಲ್ಲ ನಮ್ಮ ಬಟ್ಟೆ ಒಣಗಿಸೋ ತಂತಿ ಮೇಲೆ” ಅಂದೆ. ನುಗ್ಗೆಕಾಯಿ ತಿನ್ನುವಾಗ ಹುಳದ ಮಾತು ಯಾಕೆ ಬರಲಿಲ್ಲ ಅಂತ ಅವರು ಶುರುಮಾಡಿದರು.